ಬೇಕೆಂದೇ ತಪ್ಪು ಬರೆದ ಒತೀಲಿಯಾ

ಒತೀಲಿಯಾ ಬಾರಾಸ ಯಾವ ಕಾಗದಕ್ಕೂ ಓದದೆ ಸಹಿ ಹಾಕಿದವಳಲ್ಲ. ಚಳಿಗಾಲದಲ್ಲಿ ಚರ್ಚಿನವರು ಕಂಬಳಿ ಹಂಚಲು ಹೆಸರು ಬರೆಸಿಕೊಂಡಾಗ, "ಈ ಪಟ್ಟಿ ಆಮೇಲೆ ಯಾರ ಕೈಗೆ ಹೋಗುತ್ತೆ ಫಾದರ್?" ಎಂದು ಕೇಳಿ ಪಾದ್ರಿಯನ್ನೇ ತಬ್ಬಿಬ್ಬು ಮಾಡಿದ್ದಳು. ನದಿಯೇ ದೇಶದ ಗಡಿಯಾಗಿರುವ ಎಲ್ ಪಾಸೊ ಊರಿನ ಇಸ್ಲೆಟಾ ಕೇರಿಯಲ್ಲಿ ಅವಳ ಈ ಗುಣ ಗೊತ್ತಿಲ್ಲದವರಿರಲಿಲ್ಲ.

ಅದು ಹುಟ್ಟುಗುಣವಲ್ಲ, ಪೆಟ್ಟು ತಿಂದು ಬಂದದ್ದು. ಹದಿನೆಂಟು ತುಂಬುತ್ತಲೇ ಅವಳು ಜೀನ್ಸ್ ಕಾರ್ಖಾನೆ ಸೇರಿ ಪ್ಯಾಂಟುಗಳ ಹಿಂಜೇಬು ಹೊಲಿಯತೊಡಗಿದಳು. ಒಂದು ದಿನ ಕೈಯಲ್ಲಿ ಗಡಿಯಾರ ಹಿಡಿದ ಮನುಷ್ಯನೊಬ್ಬ ಬಂದು ಅವಳ ಹಿಂದೆ ನಿಂತ. "ಸುಮ್ನೆ ನೋಡೋಕೆ ಬಂದಿದೀನಿ, ನಿಮ್ಮ ಪಾಡಿಗೆ ನೀವು ಹೊಲೀರಿ" ಎಂದ. ಹರೆಯದ ಜಂಬ ನೋಡಿ, ಮೂರು ದಿನ ಅವಳ ಕೈ ಗಾಳಿಯಲ್ಲಿ ಹಾರಿತು. ಮುಂದಿನ ತಿಂಗಳು ಆ ಸಾಲಿನ ಎಲ್ಲ ಹೆಂಗಸರೂ ದಿನಕ್ಕೆ ಅರವತ್ತು ಜೇಬು ಹೆಚ್ಚಿಗೆ ಹೊಲಿಯಬೇಕೆಂದು ಅಪ್ಪಣೆಯಾಯಿತು. ಪಕ್ಕದ ಯಂತ್ರದ ಮುದುಕಿ ಎರಡು ವಾರ ಅವಳೊಡನೆ ಮಾತು ಬಿಟ್ಟಳು. ಆಮೇಲೆ ಒಂದೇ ಮಾತು ಹೇಳಿದಳು: "ಅಳೆಯೋರು ಬಂದಾಗ ಕೈ ನಿಧಾನ ಆಗ್ಬೇಕು ಮಗಳೇ. ನೀನು ಓಡಿದ್ದು ನಮ್ಮೆಲ್ಲರ ಬೆನ್ನಿಗೆ ಬಿತ್ತು."

ಆ ಕಾರ್ಖಾನೆಯೂ ಒಂದು ದಿನ ಬೀಗ ಹಾಕಿಕೊಂಡು ನದಿ ದಾಟಿ ಆಚೆ ದೇಶಕ್ಕೆ ಹೋಯಿತು. ಒತೀಲಿಯಾ ಶಾಲಾ ಬಸ್ಸಿನ ಸ್ಟೇರಿಂಗ್ ಹಿಡಿದಳು. ಹದಿನಾರು ವರ್ಷ ಅದೇ ಕೆಲಸ. ನಲವತ್ತಾರಕ್ಕೆ ಸೊಂಟ ಮುಷ್ಕರ ಹೂಡಿದಾಗ, ಎಕ್ಸ್‌ರೇ ತೆಗೆಯುವ ಕೆಲಸ ಕಲಿಯುತ್ತೇನೆಂದು ಹೊರಟಳು. ಅದಕ್ಕೆ ಮೊದಲು ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಭೌತಶಾಸ್ತ್ರ ಪಾಸಾಗಬೇಕಿತ್ತು. ಬೇಸಿಗೆಯಲ್ಲೇ ಹಳೆಯ ಪಠ್ಯಪುಸ್ತಕವೊಂದನ್ನು ಕೊಂಡು, ನಿಲ್ಲಿಸಿದ ಬಸ್ಸಿನಲ್ಲಿ ಕೂತು ಅರ್ಧ ಓದಿ ಮುಗಿಸಿದಳು. ಉಳಿದರ್ಧ ಅವಳಿಗೆ ಮೊದಲೇ ಗೊತ್ತಿತ್ತು, ಸೂತ್ರಗಳು ಮಾತ್ರ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ಮೊದಲ ದಿನವೇ ತರಗತಿಗೆ ಒಬ್ಬ ಹುಡುಗಿ ಬಂದಳು. ಹೆಸರು ನೊಯೆಮಿ ಆರ್ಚುಲೆಟಾ. ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಸಂಶೋಧನೆ ಮಾಡುವವಳು. ಸ್ಪ್ಯಾನಿಷ್‌ನಲ್ಲಿ ಎರಡು ಮಾತಾಡಿ ಮೂರನೆಯದಕ್ಕೆ ತಡವರಿಸಿ ಇಂಗ್ಲಿಷಿಗೆ ಹೊರಳಿದಳು. ಹೆಸರು ನಮ್ಮದು, ನಾಲಿಗೆ ಅವರದು ಎಂದುಕೊಂಡಳು ಒತೀಲಿಯಾ.

"ಬೇರೆ ಬೇರೆ ಹಿನ್ನೆಲೆಯೋರು ಭೌತಶಾಸ್ತ್ರ ಹೇಗೆ ಕಲೀತಾರೆ ಅಂತ ತಿಳ್ಕೊಳ್ಳೋಕೆ ಈ ಪ್ರಶ್ನೆಗಳು" ಎಂದಳು ನೊಯೆಮಿ. "ಇದಕ್ಕೆ ಅಂಕ ಇಲ್ಲ. ಹೆಸರೂ ಬೇಡ, ಕೊಟ್ಟಿರೋ ನಂಬರ್ ಬರೀರಿ ಸಾಕು. ಇಷ್ಟ ಇಲ್ದೋರು ಬರೀದೇ ಇರಬಹುದು."

ಅಂಕವಿಲ್ಲದ ಪರೀಕ್ಷೆ ಎನ್ನುತ್ತಲೇ ಒತೀಲಿಯಾಳ ಕಿವಿ ನೆಟ್ಟಗಾಯಿತು. ಪುಕ್ಕಟೆಯಾಗಿ ಯಾರು ಏನನ್ನು ಅಳೆಯುತ್ತಾರೆ? ಮೂವತ್ತು ಪ್ರಶ್ನೆಗಳ ಹಿಂದೆ ಇನ್ನೊಂದು ಹಾಳೆ ಇತ್ತು. ವಯಸ್ಸೆಷ್ಟು, ಮನೆಯಲ್ಲಿ ಆಡುವ ಭಾಷೆ ಯಾವುದು, ತಾಯಿ ಎಷ್ಟನೇ ತರಗತಿಯವರೆಗೆ ಓದಿದ್ದಾರೆ. ಅವಳ ತಾಯಿ ಗಡಿಯಾಚೆ ಚಿವಾವಾದ ಹಳ್ಳಿಯಲ್ಲಿ ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಚೆಂಡು ಕೆಳಗೆ ಬೀಳುವುದಕ್ಕೂ ಅಮ್ಮ ಶಾಲೆ ಬಿಟ್ಟದ್ದಕ್ಕೂ ಏನು ಸಂಬಂಧ? ಬರೆಯದೆ ಎದ್ದುಹೋದರೆ ಅದನ್ನೂ ಯಾರೋ ಗುರುತು ಹಾಕಿಕೊಳ್ಳುತ್ತಾರೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಒತೀಲಿಯಾ ಹಿಂದಿನ ಹಾಳೆಯನ್ನು ಸತ್ಯವಾಗಿ ತುಂಬಿದಳು. ಮುಂದಿನ ಹಾಳೆಯಲ್ಲಿ ಕೈ ನಿಧಾನ ಮಾಡಿದಳು. ಭಾರದ ಚೆಂಡು, ಹಗುರ ಚೆಂಡು ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ? ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಎಂದು ಗೊತ್ತಿದ್ದೂ, ಭಾರದ್ದು ಅರ್ಧ ಹೊತ್ತಿನಲ್ಲಿ ಎಂದು ಗುರುತು ಹಾಕಿದಳು. ಹೀಗೇ ಮೂವತ್ತನ್ನೂ ಮುಗಿಸಿ, ಯಾರಿಗೂ ಸಿಗದೆ ಪಾರಾದೆ ಎಂದು ಹೊರಗೆ ಬಂದಳು.

ಆಮೇಲಿನ ಎರಡು ತಿಂಗಳು ಪಾಠದ ಪರೀಕ್ಷೆಗಳಲ್ಲಿ ಅವಳು ಚೆನ್ನಾಗಿಯೇ ಅಂಕ ತೆಗೆದಳು. ಬೆಳಗಿನ ಸುತ್ತು ಮುಗಿಸಿ ಹತ್ತೂವರೆಗೆ ತರಗತಿ, ಎರಡಕ್ಕೆ ಮತ್ತೆ ಬಸ್ಸು. ನೊಯೆಮಿ ಹಿಂದಿನ ಬೆಂಚಿನಲ್ಲಿ ಕೂತು ಏನೋ ಬರೆದುಕೊಳ್ಳುತ್ತಿದ್ದಳು. ಅವಳು ಪೆನ್ನು ಎತ್ತಿದಾಗಲೆಲ್ಲ ಒತೀಲಿಯಾ ಬಾಯಿ ಮುಚ್ಚುತ್ತಿದ್ದಳು.

ನವೆಂಬರಿನಲ್ಲಿ ಪ್ರಯೋಗಾಲಯದ ಹೊರಗಿನ ಗೋಡೆಗೆ ದೊಡ್ಡ ಚಿತ್ರಪಟವೊಂದು ಬಂತು, ನೊಯೆಮಿಯ ಹೆಸರಿನಲ್ಲಿ. ಮೊದಲ ದಿನದ ಸರಿಯುತ್ತರಗಳ ಲೆಕ್ಕ ತೋರಿಸುವ ಬಣ್ಣಬಣ್ಣದ ಕಂಬಗಳ ನಡುವೆ ಒಂದು ಕಂಬ ಮಾತ್ರ ಮೊಣಕಾಲುದ್ದ. ಅದರ ಕೆಳಗೆ ಹೀಗಿತ್ತು: ಮನೆಯಲ್ಲಿ ಸ್ಪ್ಯಾನಿಷ್ ಆಡುವ, ಮೂವತ್ತೈದು ದಾಟಿದ ವಿದ್ಯಾರ್ಥಿಗಳು, ಏಳು ಮಂದಿ. ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಲಹೆ: ಇಂಥವರಿಗೆ ಮೊದಲು ಒಂದು ಸೆಮಿಸ್ಟರಿನ ಸಿದ್ಧತಾ ತರಗತಿ ಕಡ್ಡಾಯ ಮಾಡುವುದನ್ನು ಪರಿಶೀಲಿಸಬಹುದು.

ಇಬ್ಬರು ಎಳೆಯ ಹುಡುಗಿಯರು ಅದನ್ನೇ ಓದುತ್ತಿದ್ದರು. "ಪಾಪ ಕಣೇ, ಇವ್ರಿಗೆ ಇದೆಲ್ಲ ತುಂಬಾ ಕಷ್ಟ ಆಗುತ್ತೇನೋ" ಎಂದಳು ಒಬ್ಬಳು. ತಿರುಗಿ ಒತೀಲಿಯಾಳನ್ನು ಕಂಡು ಗೆಳತಿಯ ಕೈ ಎಳೆದುಕೊಂಡು ನಡೆದಳು.

ಇದಕ್ಕೇ ಬಂದಿದ್ದಾರೆ ಇವರು, ಎಂದುಕೊಂಡಳು ಒತೀಲಿಯಾ. ನನಗೆ ಮೊದಲೇ ಗೊತ್ತಿತ್ತು. ಆದರೆ ಕಂಬದ ಮುಂದೆ ನಿಂತಷ್ಟೂ ಇನ್ನೊಂದು ಸಂಗತಿ ಹೊಳೆಯಿತು. ಏಳು ಜನರಲ್ಲಿ ಒಬ್ಬಳು ಬೇಕೆಂದೇ ತಳ ಮುಟ್ಟಿದರೆ ಕಂಬ ಗಿಡ್ಡವಾಗದೆ ಇರುತ್ತದೆಯೇ? ಅಂದು ಓಡಿ ಕೆಡಿಸಿದಳು, ಇಂದು ಕುಂಟಿ ಕೆಡಿಸಿದಳು.

ಕಾರು ನಿಲ್ಲಿಸುವ ಜಾಗದಲ್ಲಿ ಕೂಕೊ ಆಲ್ದೆರೆತೆ ತನ್ನ ಪಿಕಪ್ಪಿನ ಹಿಂಬಾಗಿಲ ಮೇಲೆ ಕೂತು ಬುರಿತೊ ತಿನ್ನುತ್ತಿದ್ದ. ಗ್ಯಾರೇಜಿನ ಮೆಕ್ಯಾನಿಕ್, ಅವಳದೇ ತರಗತಿ, ಅವಳದೇ ವಯಸ್ಸು. ಆ ಏಳರಲ್ಲಿ ಅವನೂ ಒಬ್ಬನಿರಬೇಕು.

"ಕೂಕೊ, ನಿಜ ಹೇಳು. ಮೊದಲ್ನೇ ದಿನದ ಆ ಪರೀಕ್ಷೆ ಹೇಗ್ ಬರ್ದೆ?"

"ಯಾವ್ದು, ಅಂಕ ಇಲ್ದಿದ್ದಾ? ಎಲ್ಲಾದಕ್ಕೂ ಮೂರನೇ ಉತ್ರ ತುಂಬ್ಸಿ ಹೊರಟೆ ಕಣಕ್ಕ. ಹನ್ನೊಂದ್ ಗಂಟೆಗೆ ಗಿರಾಕಿ ಬರೋನಿದ್ದ."

"ಪ್ರಶ್ನೆ ಓದ್ಲೇ ಇಲ್ವಾ?"

"ಓದೋಕೆ ನಂಗೇನ್ ಸಂಬಳ ಕೊಡ್ತಾರಾ? ಯಾಕೆ, ನೀನೇನ್ ಮಾಡ್ದೆ?"

ಅವಳು ಹೇಳಿದಳು. ಕೂಕೊ ಅಗಿಯುವುದನ್ನು ನಿಲ್ಲಿಸಿದ. "ಸುಮ್ನಿರಕ್ಕ, ಬಾಯಿ ಬಿಡಬೇಡ. ಸುಳ್ಳು ಬರೆದ್ಲು ಅಂತ ಕಾಲೇಜಿಂದ್ಲೇ ಕಳ್ಸ್‌ಬಿಟ್ಟಾರು."

ಆ ಭಯ ಅವಳಿಗೂ ಇತ್ತು. ಎರಡು ದಿನ ತಡೆದಳು. ಮೂರನೆಯ ದಿನ ನೊಯೆಮಿಯ ಕೋಣೆಯ ಬಾಗಿಲು ತಟ್ಟಿದಳು. ಮೇಜಿನ ಮೇಲೆ ಧ್ವನಿಮುದ್ರಣದ ಪುಟ್ಟ ಯಂತ್ರ ಕಂಡ ಕೂಡಲೇ, "ಅದನ್ನ ಆರಿಸಿ" ಎಂದಳು.

"ಆರೇ ಇದೆ, ದೋನ್ಯಾ ಒತೀಲಿಯಾ. ಕೂತ್ಕೊಳ್ಳಿ" ಎಂದಳು ನೊಯೆಮಿ, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ.

ಕೂರದೆಯೇ ಎಲ್ಲವನ್ನೂ ಹೇಳಿದಳು. ನೊಯೆಮಿ ಕೇಳುತ್ತ ಕೇಳುತ್ತ ಮುಖ ಬಿಗಿ ಮಾಡಿಕೊಂಡಳು. ಕೊನೆಗೆ ಮೆಲ್ಲಗೆ ಕೇಳಿದಳು: "ಬೇಜಾರ್ ಮಾಡ್ಕೋಬೇಡಿ. ಗೋಡೆ ಮೇಲಿಂದು ನೋಡಿ ಅವಮಾನ ಆಗಿ ಈಗ ಹೀಗ್ ಹೇಳ್ತಿಲ್ಲ ತಾನೇ? ಎರಡು ತಿಂಗಳು ಪಾಠ ಆಗಿದೆ. ಈಗ ಎಲ್ರಿಗೂ ಉತ್ತರ ಗೊತ್ತು."

ಒತೀಲಿಯಾ ಇಷ್ಟು ದಿನ ಅನುಮಾನ ಪಡುವುದು ತನ್ನ ಕೆಲಸವೆಂದು ತಿಳಿದಿದ್ದಳು. ಕುರ್ಚಿ ಎಳೆದು ಕೂತಳು.

"ಹಾಗಾದ್ರೆ ಆ ಯಂತ್ರ ಹಾಕಿ. ನಾಳೆ ನೀವು ನಾನು ಹೇಳೇ ಇಲ್ಲ ಅಂದ್ರೆ? ನನ್ನ ನಂಬರ್ ನಲವತ್ತೊಂದು. ಹಾಳೆ ತೆಗೀರಿ, ಪಾಠದಲ್ಲಿ ಇನ್ನೂ ಬಾರದೇ ಇರೋ ಪ್ರಶ್ನೆ ಕೇಳಿ."

ನೊಯೆಮಿ ಹುಡುಕಿ ಒಂದು ತೆಗೆದಳು. "ಇದು. ಕಾರು ಎಡಕ್ಕೆ ತಿರುಗಿದಾಗ ಒಳಗಿರೋರು ಬಲಕ್ಕೆ ಯಾಕೆ ವಾಲ್ತಾರೆ? ಯಾವುದೋ ಬಲ ಹೊರಗೆ ದೂಡುತ್ತೆ ಅಂತ ಹಾಕಿದೀರಿ."

"ಯಾರೂ ದೂಡಲ್ಲಮ್ಮ. ಹದಿನಾರ್ ವರ್ಷ ಕನ್ನಡೀಲಿ ನೋಡಿದೀನಿ. ಮಕ್ಕಳು ನೇರ ಹೋಗ್ತಿರ್ತಾರೆ, ಬಸ್ಸು ಅವರ ಕೆಳಗೆ ತಿರುಗುತ್ತೆ. ಬದಿ ಗೋಡೆ ಬಂದು ಅವರನ್ನ ಒತ್ತಿದ ಮೇಲೇ ಅವರೂ ತಿರುಗೋದು. ನುಣುಪು ಬಟ್ಟೆ ಹಾಕಿದ ಮಗು ಜಾಸ್ತಿ ಜಾರುತ್ತೆ, ಜೀನ್ಸ್ ಹಾಕಿದ್ದು ಕಮ್ಮಿ."

ನೊಯೆಮಿ ಒಂದರ ಹಿಂದೊಂದು ಕೇಳಿದಳು. ಒಂದು ಗಂಟೆ ಕಳೆಯಿತು. ಕೊನೆಗೆ ಹಾಳೆಯನ್ನು ಕೆಳಗಿಟ್ಟು ನಕ್ಕೇಬಿಟ್ಟಳು. "ನಿಮ್ಮ ಹಾಳೇಲಿ ಎರಡೇ ಎರಡು ಸರಿ ಇತ್ತು. ಆ ಎರಡು ಮಾತ್ರ ನಿಮಗೆ ಈಗ್ಲೂ ಬರಲ್ಲ. ತಪ್ಪು ಅಂದ್ಕೊಂಡು ಹಾಕಿದ್ದೇ ಸರಿ ಆಗ್ಬಿಟ್ಟಿದೆ!"

ಒತೀಲಿಯಾಳಿಗೂ ನಗು ಬಂತು, ಆದರೆ ತಡೆದುಕೊಂಡಳು. "ನಗೋದು ಆಮೇಲೆ. ಗೋಡೆ ಮೇಲಿಂದು ಯಾವಾಗ ಇಳ್ಸ್ತೀರಿ?"

ನೊಯೆಮಿ ಅಂದೇ ಇಳಿಸಿದಳು. ಅವಳ ಪ್ರೊಫೆಸರರಿಗೆ ಇದು ಹಿಡಿಸಲಿಲ್ಲವೆಂದು ಆಮೇಲೆ ತಿಳಿಯಿತು. ತರಗತಿಯಲ್ಲಿ ಆ ಏಳು ನಂಬರುಗಳನ್ನು ಓದಿ ಬರಹೇಳಿ, ಬಂದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದಾಗ ಮೂವರು ಮನಸ್ಸಿಟ್ಟು ಬರೆದೇ ಇರಲಿಲ್ಲ. ಉಳಿದ ನಾಲ್ವರಿಂದ ಏನನ್ನೂ ಹೇಳುವಂತಿಲ್ಲವೆಂದು ನೊಯೆಮಿ ಆ ಕಂಬವನ್ನೇ ಕಿತ್ತುಹಾಕಿದಳು. ಅವಳ ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಸಿದ್ಧತಾ ತರಗತಿಯ ಮಾತೂ ಅಲ್ಲಿಗೇ ನಿಂತಿತು. ಅವಳಿಂದಲೇ ನಿಂತಿತೆಂದು ಕೂಕೊ ಎಷ್ಟು ಹೇಳಿದರೂ ಒತೀಲಿಯಾ ನಂಬಲಿಲ್ಲ. "ಬೇರೆ ಏನೋ ಲೆಕ್ಕ ಇರುತ್ತೆ ಅವರದ್ದು" ಎನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಅವಳಿಗೆ ಬಿ ದರ್ಜೆ ಬಂತು. ಕೂಕೊಗೆ ಸಿ. ಅವನು ಅಷ್ಟಕ್ಕೇ ಊರೆಲ್ಲ ಕುಣಿದಾಡಿದ. ಒತೀಲಿಯಾ ಎಕ್ಸ್‌ರೇ ತರಬೇತಿ ಸೇರಿದಳು.

ಮುಂದಿನ ಆಗಸ್ಟಿನಲ್ಲಿ ನೊಯೆಮಿ ಫೋನು ಮಾಡಿ, "ಹೊಸ ತರಗತಿಯೋರಿಗೆ ಈ ಪರೀಕ್ಷೆ ಬಗ್ಗೆ ಐದು ನಿಮಿಷ ನೀವೇ ಹೇಳ್ತೀರಾ? ನಾನು ಹೇಳಿದ್ರೆ ಯಾರೂ ನಂಬಲ್ಲ" ಎಂದಳು. ಏನು ಹೇಳಬೇಕೆಂದು ಮೊದಲೇ ಬರೆದುಕೊಡಬಾರದು ಎಂಬ ಷರತ್ತಿನ ಮೇಲೆ ಒತೀಲಿಯಾ ಹೋದಳು. ತಾನು ಮಾಡಿದ್ದನ್ನೂ ಅದರಿಂದಾದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಬರೆಯುವುದಾದರೆ ನಿಜ ಬರೆಯಿರಿ, ಇಲ್ಲದಿದ್ದರೆ ಖಾಲಿ ಹಾಳೆ ಕೊಡಿ ಎಂದಳು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ದಪ್ಪ ಮೀಸೆಯವನೊಬ್ಬ ಎದ್ದು ಕೇಳಿದ: "ಇದನ್ನೆಲ್ಲ ಹೇಳೋಕೆ ನಿಮಗೆಷ್ಟು ಕೊಟ್ಟಿದಾರೆ ಅಮ್ಮ?"

ನೊಯೆಮಿಯ ಮುಖ ಕೆಂಪಾಯಿತು. ಒತೀಲಿಯಾಳಿಗೆ ಆ ಮನುಷ್ಯನ ಮೇಲೆ ಪ್ರೀತಿಯೇ ಬಂತು. "ಒಂದು ಲೋಟ ಕಾಫಿ, ಅದೂ ತಣ್ಣಗಾಗಿತ್ತು" ಎಂದಳು. "ಇನ್ನೇನಾದ್ರೂ ಅನುಮಾನ ಇದ್ರೆ ಈಗ್ಲೇ ಕೇಳಿ. ಇಲ್ಲೇ ಇದಾರೆ, ಇವರನ್ನೇ ಕೇಳಿ" ಎಂದು ನೊಯೆಮಿಯ ಕಡೆ ಕೈ ತೋರಿದಳು.

ಅವನು ಕೇಳಿದ. ಅವನ ಪಕ್ಕದವಳೂ ಕೇಳಿದಳು. ಆ ದಿನ ಪ್ರಶ್ನೆಪತ್ರಿಕೆ ಹಂಚುವಷ್ಟರಲ್ಲಿ ಮುಕ್ಕಾಲು ಗಂಟೆ ತಡವಾಯಿತು.