ಬಾಯಮ್ಮನ ಹೋಟೆಲಿನಲ್ಲಿ ಎರಡು ಕೋಣೆ

ಕಳೆದ ತಿಂಗಳು ಮಗಳ ವೀಸಾ ನವೀಕರಣಕ್ಕೆಂದು ಕಾಗದಪತ್ರಗಳ ಫೈಲು ತೆಗೆದಾಗ ಮದುವೆಯ ಸರ್ಟಿಫಿಕೇಟಿನ ಜೊತೆ ನಮ್ಮ ಮದುವೆಯ ಆಮಂತ್ರಣ ಪತ್ರಿಕೆಯೂ ಕೈಗೆ ಬಂತು. ಮೂಲೆಗಳಿಗೆ ಹಚ್ಚಿದ್ದ ಅರಿಶಿನ ಮಾಸಿ ಕಂದು ಬಣ್ಣಕ್ಕೆ ತಿರುಗಿದೆ. ಎಡ ಅಂಚಿನಲ್ಲಿ ಪಂಚಿಂಗ್ ಮೆಷಿನ್ನಿನ ಎರಡು ತೂತುಗಳು. ಮೇಲಿನ ತೂತು ಸರಿಯಾಗಿ ನನ್ನ ಸೋದರಮಾವನ ಹೆಸರಿನ ಮೇಲೆಯೇ ಬಿದ್ದು ಅವರ ಇನಿಶಿಯಲ್ ಹಾರಿಹೋಗಿದೆ. ಮದುವೆ ಕರೆಯೋಲೆಗೆ ಯಾರಾದರೂ ತೂತು ಹೊಡೆಯುತ್ತಾರೆಯೇ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಹೊಡೆಯುತ್ತಾರೆ. ಒಬ್ಬರು ಹೊಡೆದಿದ್ದರು, ಅದೂ ಸ್ಕೇಲಿಟ್ಟು ಅಳತೆ ನೋಡಿ...

ನಮ್ಮ ಮದುವೆಯಾದದ್ದು ಎರಡು ಸಾವಿರದ ಹದಿಮೂರರ ಕೊನೆಯಲ್ಲಿ. ನಾನು ದುಬೈಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಇವರು ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಕಬ್ಬಿಣದ ಕೆಲಸದ ಕಂಪೆನಿಯಲ್ಲಿ ಸೂಪರ್‌ವೈಸರ್. ಇಬ್ಬರಿಗೂ ಒಟ್ಟಿಗೆ ಸಿಕ್ಕ ರಜೆ ಹದಿನೆಂಟೇ ದಿನ. ಅಷ್ಟರಲ್ಲಿ ಕಾರ್ಕಳಕ್ಕೆ ಹೋಗಿ, ಮದುವೆ ಹಾಲಿನಲ್ಲಿ ತಾಳಿ ಕಟ್ಟಿಸಿಕೊಂಡು, ನೆಂಟರ ಮನೆಗಳಲ್ಲೆಲ್ಲ ಔತಣದ ಊಟ ಉಂಡು ಹೊಟ್ಟೆ ಕೆಡಿಸಿಕೊಂಡು ವಾಪಸ್ಸು ಬಂದೆವು. ರಿಜಿಸ್ಟ್ರಾರ್ ಕಚೇರಿ ಎನ್ನುವುದೊಂದು ಇದೆ ಎಂದು ಯಾರಿಗೂ ನೆನಪಾಗಲಿಲ್ಲ. ಎಂಟುನೂರು ಜನ ಉಂಡು ಹೋದ ಮೇಲೆ ಮದುವೆಗೆ ಬೇರೆ ಸಾಕ್ಷಿ ಯಾಕೆ ಎಂಬುದು ನಮ್ಮ ಕಡೆಯವರ ಲೆಕ್ಕಾಚಾರ.

ವಾಪಸ್ಸು ಬಂದ ದಿನ ವಿಮಾನ ನಿಲ್ದಾಣದಲ್ಲಿ ಇವರು ಒಂದು ಬಸ್ಸು ಹತ್ತಿದರು, ನಾನು ಇನ್ನೊಂದು ಹತ್ತಿದೆ. ಇವರದು ಒಂದು ಕೋಣೆಗೆ ಆರು ಗಂಡಸರಿದ್ದ ಕ್ಯಾಂಪು. ನನ್ನದು ನಾಲ್ವರು ಹುಡುಗಿಯರ ಹಾಸ್ಟೆಲು, ಗಂಡಸರಿಗೆ ಗೇಟಿನೊಳಗೆ ಪ್ರವೇಶವಿಲ್ಲ, ಗಂಡನಾದರೂ ಅಷ್ಟೆ. ವಾರಕ್ಕೊಮ್ಮೆ ಯಾವುದಾದರೂ ಮಾಲಿನ ಫುಡ್ ಕೋರ್ಟಿನಲ್ಲಿ ಸಿಗುತ್ತಿದ್ದೆವು. ಒಂದು ಚಹಾ ಇಟ್ಟುಕೊಂಡು ಎಷ್ಟು ಹೊತ್ತು ಕೂರಬಹುದು ಎಂಬ ವಿಷಯದಲ್ಲಿ ನಾವಿಬ್ಬರೂ ಪರಿಣತರಾಗಿದ್ದೆವು. ಮೇಜು ಒರೆಸುವವನು ಮೂರನೇ ಸಲ ಬಂದನೆಂದರೆ ಎದ್ದು ಇನ್ನೊಂದು ಮಹಡಿಗೆ ಹೋಗುವುದು. ನಮಗೆ ಬೇಕಾಗಿದ್ದದ್ದು ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ, ಅಷ್ಟೆ. ಅದನ್ನು ಬಾಯಿಬಿಟ್ಟು ಹೇಳಲು ನನಗೂ ನಾಚಿಕೆ, ಇವರಿಗೂ ನಾಚಿಕೆ.

ಕೊನೆಗೆ ಇವರೇ ಒಂದು ಹೋಟೆಲು ಪತ್ತೆ ಮಾಡಿದರು. ಬರ್ ದುಬೈಯಲ್ಲಿ, ಅಬುಧಾಬಿಯ ಬಸ್ಸು ಬಂದು ನಿಲ್ಲುವ ಅಲ್ ಗುಬೈಬಾದಿಂದ ನಡೆದು ಹೋಗುವಷ್ಟು ಹತ್ತಿರ, ಸಮುದ್ರಕ್ಕೆ ಎರಡು ಬೀದಿ ಹಿಂದೆ. ಮೂರು ಮಹಡಿ, ಇಪ್ಪತ್ತೆರಡು ಕೋಣೆ. ನಡೆಸುತ್ತಿದ್ದವರು ನಮ್ಮ ಉಡುಪಿ ಕಡೆಯ ಕ್ರಿಶ್ಚಿಯನ್ ಕುಟುಂಬದವರು. ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ, ಮಗ, ಸೊಸೆ ಸೇರಿ ನೋಡಿಕೊಳ್ಳುತ್ತಿದ್ದರು. ಮದುವೆಯಾಗದವರು ಒಂದೇ ಕೋಣೆಯಲ್ಲಿರುವುದು ಆಗ ಇಲ್ಲಿ ಅಪರಾಧ, ಹೋಟೆಲುಗಳಲ್ಲಿ ಮದುವೆಯ ಪ್ರೂಫ್ ಕೇಳುತ್ತಾರೆ ಎಂದು ಯಾರೋ ಹೇಳಿದ್ದರಿಂದ ಇವರು ಬಹಳ ಮುತುವರ್ಜಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಪ್ರೂಫ್ ತಂದಿದ್ದರು. ಕೌಂಟರಿನ ಮೇಲೆ ಅದನ್ನು ಹೊರತೆಗೆದಾಗ ನೋಡುತ್ತೇನೆ, ಆಮಂತ್ರಣ ಪತ್ರಿಕೆ!

ಕೌಂಟರಿನಲ್ಲಿದ್ದವಳು ಸೊಸೆ. ದುಬೈಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಓದಲು ಬಾರದು. ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ವೆಡ್ಡಿಂಗ್ ಕಾರ್ಡ್ ಅಲ್ವಾ? ಸರ್ಟಿಫಿಕೇಟ್ ಎಲ್ಲಿ?" ಎಂದಳು. ಇವರು ಹುಟ್ಟಿದ ದಿನದಿಂದ ಯಾರಿಗೂ ಸುಳ್ಳು ಹೇಳದವರ ದನಿಯಲ್ಲಿ, "ಇಬ್ಬರ ಮನೆಯವರ ಹೆಸರೂ ಉಂಟಲ್ಲ ಮೇಡಂ ಇದರಲ್ಲಿ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಗ ಒಳಗಿನಿಂದ ಅವಳ ಅತ್ತೆ ಬಂದರು. ಅರವತ್ತು ದಾಟಿದ, ಗಿಡ್ಡ ದೇಹದ, ಹತ್ತಿಯ ನಿಲುವಂಗಿ ತೊಟ್ಟ ಹೆಂಗಸು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನಾನು ಬಾಯಮ್ಮ ಎಂದೆ. ಕೊನೆಯವರೆಗೂ ಹಾಗೆಯೇ ಕರೆದೆ. ಅವರು ಕನ್ನಡಕ ಏರಿಸಿಕೊಂಡು ಪತ್ರಿಕೆಯನ್ನು ಶ್ರೀ ಗಣೇಶಾಯ ನಮಃದಿಂದ ಹಿಡಿದು ಕೆಳಗಿನ ಪ್ರೆಸ್ಸಿನ ಹೆಸರಿನವರೆಗೆ ಒಂದಕ್ಷರ ಬಿಡದೆ ಓದಿದರು.

"ಈ ಹಾಲಿಗೆ ನಾನೂ ಹೋಗಿದ್ದೇನೆ, ಪಾರ್ಕಿಂಗ್ ಜಾಗ ಇಲ್ಲ," ಎಂದರು. "ಅಡುಗೆ ಯಾರದ್ದು?"

ಅಡುಗೆಯವರ ಹೆಸರು ಹೇಳಿದೆ. ಪಾಯಸ ಹೇಗಿತ್ತು ಎಂದು ಕೇಳಿದರು. ನಮ್ಮ ಕೆಲಸ ಆಯಿತು ಎಂದುಕೊಂಡೆ.

"ಮದುವೆ ಆಗಿದೆ, ನನಗೆ ಡೌಟೇ ಇಲ್ಲ," ಎಂದರು ಬಾಯಮ್ಮ. "ಆದ್ರೆ ಪೊಲೀಸಿನವರಿಗೆ ಕನ್ನಡ ಬರುದಿಲ್ಲ ಅಲ್ವಾ ಮಗಾ? ಅವರಿಗೆ ಸ್ಟ್ಯಾಂಪ್ ಬೇಕು. ಎರಡು ರೂಮ್ ಕೊಡ್ತೇನೆ. ಅವರು ಮೇಲೆ, ನೀನು ಕೆಳಗೆ ನನ್ನ ಹತ್ರದ ರೂಮಲ್ಲಿ. ಎರಡಕ್ಕೆ ಬಾಡಿಗೆ ಬೇಡ, ಒಂದರದ್ದು ಸಾಕು."

ಆ ದಿನ ನನಗೆ ಅವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಎರಡು ಗಂಟೆ ಬಸ್ಸಿನಲ್ಲಿ ಬಂದ ಗಂಡ ಮೂರನೇ ಮಹಡಿಯಲ್ಲಿ, ನಾನು ಇಸ್ತ್ರಿ ಮಾಡಿದ ಚಾದರಗಳ ರಾಶಿಯ ಪಕ್ಕದ ಕೋಣೆಯಲ್ಲಿ. ಆಮಂತ್ರಣ ಪತ್ರಿಕೆಯನ್ನು ಮಾತ್ರ ಅವರು ಹಿಂದೆ ಕೊಡಲಿಲ್ಲ. ತೂತು ಹೊಡೆದು ಫೈಲಿಗೆ ಸೇರಿಸಿ, "ಇರ್ಲಿ, ಏನೂ ಇಲ್ಲದಕ್ಕಿಂತ ಇದಾದ್ರೂ ಇರ್ಲಿ" ಎಂದರು.

ಮರುದಿನ ಶುಕ್ರವಾರ, ರಜೆ. ತಿಂಡಿಗೆ ಇಳಿದು ಬಂದರೆ ಕಿಟಕಿಯ ಪಕ್ಕದ ಮೇಜಿನ ಮೇಲೆ ರಿಸರ್ವ್ಡ್ ಎಂಬ ಫಲಕ. ಅದು ನಮಗಾಗಿ. ಬೇರೆಯವರೆಲ್ಲ ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದರೆ ನಮಗೆ ನೀರುದೋಸೆ, ಬಂಗುಡೆ ಮೀನಿನ ಸಾರು. ಪಕ್ಕದ ಮೇಜಿನ ರಷ್ಯಾದ ದಂಪತಿ ಆ ವಾಸನೆಗೆ ಎದ್ದು ದೂರ ಹೋಗಿ ಕೂತರು. ಬಾಯಮ್ಮನಿಗೆ ಅದೇ ಬೇಕಿತ್ತೋ ಏನೋ. "ಎಷ್ಟು ಹೊತ್ತು ಬೇಕಾದ್ರೂ ಕೂತು ಮಾತಾಡಿ, ಇಲ್ಲಿ ಯಾರೂ ಎಬ್ಬಿಸುದಿಲ್ಲ," ಎಂದು ಹೇಳಿ ಹೋದರು. ಫುಡ್ ಕೋರ್ಟಿನ ಕತೆಯನ್ನು ನಾವು ಅವರಿಗೆ ಹೇಳಿರಲಿಲ್ಲ. ಹೇಗೆ ಗೊತ್ತಾಯಿತೋ... ಅಂದು ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದೆವು.

ಹೀಗೆ ಶುರುವಾದವು ನಮ್ಮ ಹದಿನೈದು ದಿನಕ್ಕೊಮ್ಮೆಯ ಗುರುವಾರಗಳು. ಏನೂ ಕೇಳದೆ ಕೋಣೆ ಕೊಡುವ ಹೋಟೆಲುಗಳೂ ದುಬೈಯಲ್ಲಿದ್ದವು. ಒಮ್ಮೆ ಇವರು ಹಾಗೆಂದು ತಡವರಿಸುತ್ತಾ ಹೇಳಿದರು ಕೂಡ. ಪೊಲೀಸರು ಬಂದು ಬಾಗಿಲು ತಟ್ಟಿದರೆ ಎಂದು ಕೇಳಿದೆ. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಕೆಲಸ, ವೀಸಾ, ಊರಿನಲ್ಲಿ ಮರ್ಯಾದೆ ಎಲ್ಲವೂ ಆ ಒಂದು ತಟ್ಟುವಿಕೆಯಲ್ಲಿ ಹೋಗಬಹುದಿತ್ತು. ಮದುವೆಯಾಗಿ ಅರ್ಧ ವರ್ಷವಾದರೂ ನಾವು ನಿಶ್ಚಿತಾರ್ಥವಾದವರಂತೆ ಸಮುದ್ರದ ದಡದಲ್ಲಿ ಒಂದು ಮೊಳ ದೂರ ಬಿಟ್ಟು ನಡೆಯುತ್ತಿದ್ದೆವು.

ಶುಕ್ರವಾರ ಬೆಳಿಗ್ಗೆ ಬಾಯಮ್ಮ ಊದ್ ಮೇಥಾದ ಚರ್ಚಿಗೆ ಪೂಜೆಗೆ ಹೋಗಿ ಬಂದು, ಹನ್ನೆರಡಕ್ಕೆ ಕೋಣೆಗಳು ಖಾಲಿಯಾಗುತ್ತಿದ್ದಂತೆ ಸೊಂಟಕ್ಕೆ ಟವೆಲು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಎರಡು ಗಂಟೆಗೆ ಹೊಸ ಗಿರಾಕಿಗಳು ಬರುವ ಮುಂಚೆ ಪ್ರತಿಯೊಂದು ಕೋಣೆಗೂ ಅವರೇ ಹೋಗಿ ದಿಂಬು ಮೂಸಿ ನೋಡಬೇಕು. ಕೆಲಸದವರಿದ್ದರು, ಮಗ ಸೊಸೆ ಇದ್ದರು, ಯಾರನ್ನೂ ನಂಬುತ್ತಿರಲಿಲ್ಲ. ಚಾದರ ಮಡಚಲು ಮಾತ್ರ ನನ್ನನ್ನು ಕರೆಯುತ್ತಿದ್ದರು. ಎರಡು ಮೂಲೆ ಅವರು, ಎರಡು ಮೂಲೆ ನಾನು. ಮಡಿಕೆಯ ಅಂಚು ಒಂದು ಬೆರಳು ಆಚೀಚೆಯಾದರೆ ಮತ್ತೆ ಬಿಡಿಸಬೇಕು.

ಹಾಗೆ ಮಡಚುವಾಗಲೇ ಒಂದು ದಿನ ಅವರು ತಮ್ಮ ಕತೆ ಹೇಳಿದರು. ಮದುವೆಯಾದ ಹೊಸತರಲ್ಲಿ ಗಂಡ ಇಲ್ಲಿ, ಬಾಯಮ್ಮ ಊರಿನಲ್ಲಿ, ಒಂಬತ್ತು ವರ್ಷ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು. ಮಗ ಅಪ್ಪನನ್ನು ಅಂಕಲ್ ಎಂದು ಕರೆದಿದ್ದನಂತೆ. ಕೇಳುತ್ತಾ ಕೇಳುತ್ತಾ ನನಗೆ ತಡೆಯಲಾಗಲಿಲ್ಲ. ನಿಮಗೆ ಇಷ್ಟೆಲ್ಲ ಗೊತ್ತಿದ್ದೂ ನಮ್ಮನ್ನು ಹೀಗೆ ಬೇರೆ ಬೇರೆ ಇಡುತ್ತೀರಲ್ಲ ಎಂದು ಚಾದರ ಬಿಟ್ಟುಬಿಟ್ಟೆ. ಅತ್ತೂಬಿಟ್ಟೆ.

ಅವರು ಚಾದರವನ್ನು ನೆಲದಿಂದ ಎತ್ತಿ ಕೊಡವಿದರು. "ಮಾರಾಯ್ತಿ, ನನ್ನದು, ಮಗಂದು, ಸೊಸೆಯದ್ದು, ಮತ್ತೆ ಹನ್ನೊಂದು ಕೆಲಸದವರದ್ದು ವೀಸಾ ಈ ಒಂದು ಲೈಸೆನ್ಸಿನ ಮೇಲೆ ಉಂಟು. ಒಂದು ತಪ್ಪಾದ್ರೆ ಎಲ್ಲಾ ಖಲಾಸ್. ನಿನಗೆ ಹೇಳುವಾಗ ನನಗೆ ಖುಷಿ ಆಗ್ತದಾ?" ಅಷ್ಟು ಹೇಳಿ ನನ್ನ ಕೈಗೆ ಎರಡು ಮೂಲೆ ಕೊಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು. ನನ್ನ ಕೋಪ ಅಂದಿಗೆ ಇಳಿಯಿತು. ಪ್ರೀತಿ ಹುಟ್ಟಿದ್ದೂ ಅಂದೇ ಇರಬೇಕು.

ಆ ಮಧ್ಯಾಹ್ನವೇ ಅವರು ಹೋಟೆಲಿನ ಲೆಟರ್‌ಪ್ಯಾಡಿನಲ್ಲಿ ಪಟ್ಟಿ ಬರೆದುಕೊಟ್ಟರು. ಮೊದಲು ಊರಿನಲ್ಲಿ ಇಬ್ಬರೂ ಹೋಗಿ ರಿಜಿಸ್ಟರ್ ಮಾಡಿಸುವುದು, ಆಮೇಲೆ ಮುದ್ರೆಗಳಿಗಾಗಿ ಬೆಂಗಳೂರು, ದೆಹಲಿ, ಎಂಬೆಸಿ, ಕೊನೆಗೆ ಇಲ್ಲಿಯ ಕಚೇರಿ. ಇಬ್ಬರಿಗೂ ಒಟ್ಟಿಗೆ ಐದು ದಿನ ರಜೆ ಸಿಗಲು ಆಗಸ್ಟ್ ತಿಂಗಳಾಯಿತು. ರಿಜಿಸ್ಟ್ರಾರ್ ಎದುರು ಸಹಿ ಹಾಕಿ ಬಂದೆವು. ಕಾಗದ ಊರೂರು ತಿರುಗಿ, ಬೆನ್ನ ತುಂಬ ಮುದ್ರೆ ಹೊಡೆಸಿಕೊಂಡು ನಮ್ಮ ಕೈ ಸೇರಿದ್ದು ಅಕ್ಟೋಬರಿನಲ್ಲಿ.

ಗುರುವಾರ ಸಂಜೆ ಅದನ್ನು ಕೌಂಟರಿನ ಮೇಲಿಟ್ಟಾಗ ಬಾಯಮ್ಮ ಕನ್ನಡಕ ಒರೆಸಿಕೊಂಡು ಒಂದೊಂದೇ ಮುದ್ರೆಯ ಮೇಲೆ ಬೆರಳಿಟ್ಟು ನೋಡಿದರು. ಜೆರಾಕ್ಸ್ ತೆಗೆದರು. ಫೈಲಿನಿಂದ ಆಮಂತ್ರಣ ಪತ್ರಿಕೆ ಬಿಚ್ಚಿ ನನ್ನ ಕೈಗಿಟ್ಟು, "ಇನ್ನು ಇದು ನಿಮ್ಮದು" ಎಂದರು. ಮೂರನೇ ಮಹಡಿಯ ಮೂಲೆಯ ಕೋಣೆ ಕೊಟ್ಟರು. ಎರಡು ಕಟ್ಟಡಗಳ ನಡುವಿನಿಂದ ಒಂದು ಸೀಳು ಸಮುದ್ರ ಕಾಣುವುದು ಅಲ್ಲಿಂದ ಮಾತ್ರ. ಬಾಗಿಲವರೆಗೆ ಅವರೇ ಬಂದರು. "ನಾಳೆ ತಿಂಡಿಗೆ ಕರೆಯುದಿಲ್ಲ. ಹಸಿವಾದಾಗ ಇಳಿದು ಬನ್ನಿ," ಎಂದವರೇ ತಿರುಗಿ ನೋಡದೆ ಮೆಟ್ಟಿಲಿಳಿದರು. ಮರುದಿನ ನಾವು ಇಳಿದಾಗ ಹನ್ನೊಂದು ದಾಟಿತ್ತು. ರಿಜಿಸ್ಟರಿನಲ್ಲಿ ಮುಖ ಹುದುಗಿಸಿ ಕೂತಿದ್ದ ಬಾಯಮ್ಮ ತಲೆಯೆತ್ತದೆ, "ಗುಡ್ ಆಫ್ಟರ್‌ನೂನ್" ಎಂದರು. ಇವರ ಕಿವಿ ಕೆಂಪಾದದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಮತ್ತೆ ಒಂದೂವರೆ ವರ್ಷ ಅಲ್ಲಿಗೇ ಹೋದೆವು. ಆಮೇಲೆ ಇವರಿಗೆ ದುಬೈಯಲ್ಲೇ ಅಲ್ ಕೂಜಿನ ವರ್ಕ್‌ಶಾಪೊಂದರಲ್ಲಿ ಕೆಲಸ ಸಿಕ್ಕಿತು, ಒಂದು ಬೆಡ್‌ರೂಮಿನ ಮನೆಯೂ ಆಯಿತು. ಕೊನೆಯ ಸಲ ಹೊರಡುವಾಗ ಬಾಯಮ್ಮ ನನ್ನ ಕೈ ಹಿಡಿದುಕೊಂಡರು.

"ಇನ್ನು ನೀವು ಇಲ್ಲಿಗೆ ಬರಬಾರ್ದು, ಮನೆ ಆಯ್ತಲ್ಲ," ಎಂದರು. ಕೈ ಬಿಡದೆಯೇ ಹೇಳಿದರು, "ಒಂದು ಸಲ ನನ್ನನ್ನು ಊಟಕ್ಕೆ ಕರಿ. ಎಲ್ಲರಿಗೆ ನಾನೇ ಬಡಿಸುದಾಯ್ತು. ಶುಕ್ರವಾರ ಪೂಜೆ ಮುಗಿಸಿ ಸೀದಾ ಬರ್ತೇನೆ, ಎರಡು ಗಂಟೆಯೊಳಗೆ ವಾಪಸ್ಸು. ಕ್ಲೀನಿಂಗ್ ಒಂದು ದಿನ ಸೊಸೆ ನೋಡ್ಲಿ."

ಖಂಡಿತ ಎಂದೆ. ಮನಸ್ಸಿನಿಂದಲೇ ಹೇಳಿದ್ದೆ. ಆದರೆ ಮನೆಗೆ ಸೋಫಾ ಬಂದಿರಲಿಲ್ಲ. ಅಂಥವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುವುದು ಹೇಗೆ? ಸೋಫಾ ಬಂದ ಮೇಲೆ ಪರದೆ ಆಗಲಿ ಎಂದುಕೊಂಡೆ. ಒಮ್ಮೆ ಅವರೇ ಫೋನು ಮಾಡಿ, "ಸೋಫಾ ಬಂತಾ?" ಎಂದು ಕೇಳಿದರು. ನಕ್ಕು, ಮುಂದಿನ ತಿಂಗಳು ಎಂದೆ. ಅಷ್ಟರಲ್ಲಿ ನಾನು ಬಸುರಿ, ವಾಂತಿ, ಶಿಫ್ಟು, ಬಾಣಂತನ... ಮಗು ಒಂದು ವರ್ಷದ್ದಾದಾಗ ಆ ಬೀದಿಯಲ್ಲಿ ಹಾದುಹೋದೆ. ಬೋರ್ಡು ಇರಲಿಲ್ಲ. ಕಟ್ಟಡಕ್ಕೆ ಹಸಿರು ಬಲೆ ಸುತ್ತಿದ್ದರು. ಲೀಸು ಮುಗಿದು ಬಾಯಮ್ಮ ಊರಿಗೆ ಹೋದರಂತೆ. ಅವರ ನಂಬರು ಮೊದಲೇ ಬಂದ್ ಆಗಿತ್ತು.

ಸೊಸೆ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಊದ್ ಮೇಥಾದಲ್ಲಿ, ಮಗಳ ಶಾಲೆಯ ಗೇಟಿನಲ್ಲಿ. ಅವಳೇ ಗುರುತು ಹಿಡಿದು ಕರೆದಳು. ಬಾಯಮ್ಮ ಹೇಗಿದ್ದಾರೆ ಎಂದು ಕೇಳಿದಾಗ ಅವಳು ನನ್ನ ತೋಳು ಮುಟ್ಟಿದಳು, ಅಷ್ಟರಲ್ಲೇ ನನಗೆ ತಿಳಿಯಿತು. ತೀರಿಹೋಗಿ ಆಗಲೇ ಒಂದು ವರ್ಷವಾಗಿತ್ತು. ಗೇಟಿನ ಬಳಿ ಮಕ್ಕಳ ಗದ್ದಲದ ನಡುವೆ ನಿಂತು, ನಾನು ಅವರನ್ನು ಒಂದು ಊಟಕ್ಕೂ ಕರೆಯಲಿಲ್ಲ ಎಂದು ಅತ್ತುಬಿಟ್ಟೆ.

"ನೋ ನೋ, ಹಾಗೆ ಫೀಲ್ ಮಾಡ್ಬೇಡಿ," ಎಂದಳು ಅವಳು. "ನೀವು ಕರೆದಿದ್ರೂ ಮಮ್ಮಿ ಬರ್ತಾ ಇರ್ಲಿಲ್ಲ. ಕ್ಲೀನಿಂಗ್ ಟೈಮಲ್ಲಿ ಅವರು ಹೋಟೆಲ್ ಬಿಟ್ಟು ಹೋದದ್ದೇ ಇಲ್ಲ. ನನ್ನ ಕೈಗೆ ಒಂದು ದಿನ ಕೂಡ ಕೊಟ್ಟಿಲ್ಲ."

ಪಾಪ, ನನ್ನ ಸಮಾಧಾನಕ್ಕೆ ಹೇಳಿದಳು. ಹೌದೇನೋ ಎಂದು ತಲೆಯಾಡಿಸಿ ಮಗಳ ಕೈ ಹಿಡಿದುಕೊಂಡು ಬಂದುಬಿಟ್ಟೆ. ಆ ಒಂದು ದಿನ ಅವಳ ಕೈಗೆ ಕೊಡುವುದೆಂದು ಬಾಯಮ್ಮ ನಿಶ್ಚಯಿಸಿಯೇ ಬಿಟ್ಟಿದ್ದರು ಎಂದು ಅವಳಿಗೆ ಹೇಳಲು ನನಗೆ ಅಂದೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ.