ಒಂದು ಆಡು, ಏಳು

ಮೆಲ್ಲಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಮಗ್ಗುಲು ಬದಲಿಸುವಾಗ, ಬೆನ್ನು ಒರೆಸುವಾಗ, ಸುಕ್ಕು ಮೈಗೆ ಒತ್ತದಂತೆ ಹಾಸುಬಟ್ಟೆ ಎಳೆಯುವಾಗ ಅವಳ ಕೈ ಅಷ್ಟು ಮೆಲ್ಲಗೆ ಆಡುತ್ತಿತ್ತು. ಆರೈಕೆ ಮಾಡಿಸಿಕೊಂಡವರೇ ಆ ಹೆಸರು ಕೊಟ್ಟರು. ಮೆಲ್ಲಗಿರುವವರು ಬೇಗ ಮರೆಯುತ್ತಾರೆಂದು ಕೆಲವರು ತಿಳಿಯುತ್ತಾರೆ. ಅದು ಅವರ ತಪ್ಪು.

ಅವಳ ನಾಲಿಗೆಗೆ ಹಕಾರ ಒಗ್ಗಿರಲಿಲ್ಲ. ಹಾಲು ಆಲಾಗುತ್ತಿತ್ತು, ಹೂವು ಊವಾಗುತ್ತಿತ್ತು. ಅವಳು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಅದೇನೂ ತೊಡಕಾಗಿರಲಿಲ್ಲ. ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿಗೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಎದುರು ಕಟ್ಟಡದ ನೀರಿನ ಕೊಳವೆಗಳು ಮಾತ್ರ. ಮೆಲ್ಲಕ್ಕ ಕಾಲು ಒತ್ತುತ್ತ ಕತೆ ಹೇಳಿದರೆ ಮಧ್ಯಾಹ್ನ ಸರಿಯುತ್ತಿತ್ತು. ತಲೆದೆಸೆಯ ಸ್ಟೂಲಿನ ಮೇಲೆ ಹಸಿರು ದೀಪದ ಸಣ್ಣ ಯಂತ್ರವೊಂದಿತ್ತು. ಅಜ್ಜಿ ಕೂಗಿದರೆ ಪಕ್ಕದ ಕೋಣೆಯಲ್ಲಿರುವ ಮಗಳಿಗೆ ಕೇಳಿಸಲೆಂದು ಇಟ್ಟಿದ್ದು.

ಒಂದು ಮಧ್ಯಾಹ್ನ ಮಾತಿಗೆ ಮಾತು ಬಂದು ಮೆಲ್ಲಕ್ಕ ತನ್ನ ಗಂಡನ ಕೊನೆಯ ಮಾತನ್ನು ಹೇಳಿದಳು. ಗೋಡೆಗೆ ಬಣ್ಣ ಬಳಿಯುತ್ತಿದ್ದ ಮನುಷ್ಯ, ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದ. “‘ಒಂದು ಆಡು ಏಳು’ ಅಂದ್ರು, ಅಜ್ಜಿ. ಸುತ್ತ ಕಾಯಿಲೆಯವರು. ನಂಗೆ ನಾಚಿಕೆ. ಆದ್ರೂ ಕಿವಿ ಅತ್ರ ಬಗ್ಗಿ ಏಳ್ದೆ. ಮುಗಿಯೋದ್ರೊಳಗೆ ಓಗ್ಬಿಟ್ರು.” ಹಾಡು ಹೇಳೆಂದು ಕೇಳಿದ ಗಂಡನ ಆ ಮಾತನ್ನು ಅವಳು ಹೆತ್ತ ಮಗಳಿಗೂ ಹೇಳಿರಲಿಲ್ಲ.

ಅದೇ ಮಾತು ಮತ್ತೆ ಕಿವಿಗೆ ಬಿದ್ದದ್ದು ಔಷಧಿ ಅಂಗಡಿಯಲ್ಲಿ. ಕಪಾಟಿನ ಹತ್ತಿರ ತೂಕಡಿಸುತ್ತಿದ್ದ ಕೆಲಸದ ಹುಡುಗನನ್ನು ಅಂಗಡಿಯವನು ತಿವಿದು, “ಒಂದು ಆಡು, ಏಳು!” ಅಂದ. ಇಬ್ಬರೂ ಬಿದ್ದು ಬಿದ್ದು ನಕ್ಕರು.

“ಏನಪ್ಪಾ ಅದು?”

“ನೀವು ಕೇಳಿಲ್ವಾ ಅಕ್ಕ? ಪಾಡ್‌ಕಾಸ್ಟು. ದೊಡ್ಡೋರಿಗೆ ಸಣ್ಣ ಕತೆ ಓದ್ತಾರೆ. ಊರೆಲ್ಲ ಇದೇ ಮಾತು ಈಗ.” ಅವನು ಫೋನ್ ಒತ್ತಿ ಮುಂದೆ ಹಿಡಿದ.

ಅಜ್ಜಿಯ ಮಗಳದೇ ದನಿ. ಹೊರಗಿನ ಸದ್ದು ಬರದಂತೆ ಪಕ್ಕದ ಕೋಣೆಯ ಗೋಡೆಗೆಲ್ಲ ಕಂಬಳಿ ಹೊಡೆದುಕೊಂಡು ಅವಳು ಓದುವುದು ಇದನ್ನೇ ಎಂದು ಮೆಲ್ಲಕ್ಕನಿಗೆ ಗೊತ್ತಿರಲಿಲ್ಲ. ಕತೆಯಲ್ಲಿ ಸಾಯುವ ಗಂಡ “ಒಂದು ಆಡು, ಏಳು” ಅನ್ನುತ್ತಾನೆ. ಪೆದ್ದು ಹೆಂಡತಿ ಎದ್ದು ಆಡು ಹುಡುಕಿಕೊಂಡು ಹೊರಡುತ್ತಾಳೆ. ಹಗ್ಗ ಹಿಡಿದು ಎಳೆದು ತರುವಷ್ಟರಲ್ಲಿ ಗಂಡನ ಪ್ರಾಣ ಹೋಗಿರುತ್ತದೆ. ಆಡು ಬ್ಯಾ ಅನ್ನುತ್ತದೆ. ಹೆಂಡತಿಯ ಮಾತು ಬಂದಲ್ಲೆಲ್ಲ ಮಗಳು ಮೆಲ್ಲಕ್ಕನ ನಾಲಿಗೆಯನ್ನೇ ಎರವಲು ತಂದಿದ್ದಳು.

ಮೆಲ್ಲಕ್ಕ ಔಷಧಿ ತೆಗೆದುಕೊಂಡಳು. ಮೆಟ್ಟಿಲು ಹತ್ತಿದಳು. ಅಜ್ಜಿಗೆ ಮಾತ್ರೆ ನುಂಗಿಸಿ, ನೀರು ಕುಡಿಸಿ, ತುಟಿ ಒರೆಸಿದ ಮೇಲೆ ಕಿವಿಯಲ್ಲಿ ಎಲ್ಲ ಹೇಳಿದಳು.

ಅಜ್ಜಿ ಹಸಿರು ದೀಪವನ್ನು ದುರುಗುಟ್ಟಿಕೊಂಡು ನೋಡಿ ಪಿಸುಗುಟ್ಟಿದರು. “ನಾನು ಕೂಗಿದ್ದು ಮಾತ್ರ ಅವಳಿಗೆ ಒಂದಿನಾನೂ ಕೇಳಿಸಿಲ್ಲ ನೋಡು. ಏನೇ ಮಾಡ್ತೀಯ ಈಗ?”

“ಕತೆ ಏಳ್ತೀನಿ.”

ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ಕೂತಳು. ಬೀಗ ರಿಪೇರಿ ಮಾಡುವ ಹೆಂಗಸೊಬ್ಬಳ ಕತೆ. ಊರಿನ ಬೀಗಗಳೆಲ್ಲ ಅವಳ ಕೈಗೆ ಸೋಲುತ್ತವೆ, ಸತ್ತ ಗಂಡ ಬಿಟ್ಟುಹೋದ ಪೆಟ್ಟಿಗೆಯದೊಂದನ್ನು ಬಿಟ್ಟು. ಮೆಲ್ಲಕ್ಕ ದಿನಕ್ಕಿಷ್ಟೇ ಹೇಳಿದಳು. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಏನೋ ಉರುಳುವ ಸದ್ದು. ಒಮ್ಮೆ ಬಿಸಿಲಿಗಿಟ್ಟಾಗ ಒಳಗಿನಿಂದ ಕಮ್ಮನೆ ವಾಸನೆ. ಪಕ್ಕದ ಕೋಣೆಯಲ್ಲಿ ಮಗಳು ಕೇಳಿಸಿಕೊಂಡಳು, ಬರೆದುಕೊಂಡಳು, ಓದಿದಳು. ಔಷಧಿ ಅಂಗಡಿಯವನು ಆಡಿನ ಮಾತು ಬಿಟ್ಟು, “ಪೆಟ್ಟಿಗೇಲಿ ಏನಿರಬಹುದು ಅಕ್ಕ?” ಎಂದು ಬಂದವರನ್ನೆಲ್ಲ ಪೀಡಿಸತೊಡಗಿದ. ಕೊನೆಯ ಕಂತನ್ನು ದೊಡ್ಡ ಸಭಾಂಗಣದಲ್ಲಿ ಜನರ ಎದುರೇ ಓದುವುದಾಗಿ ಮಗಳು ಸಾರಿದಳು. ಸ್ವಂತ ರಚನೆ ಎಂದೂ ಸೇರಿಸಿದಳು.

ಗಾಳ ಗಂಟಲಿಗಿಳಿದಿತ್ತು. ಮೆಲ್ಲಕ್ಕ ಅಂದು ಕತೆಯ ಹೆಂಗಸಿನ ಕೈಯಿಂದ ಬೀಗ ತೆಗೆಸಿದಳು. ಮುಚ್ಚಳ ಎತ್ತಿಸಿದಳು. ಆಮೇಲೆ ಬಗ್ಗಿ, ಉಳಿದದ್ದನ್ನು ಅಜ್ಜಿಯ ಕಿವಿಗೆ ಉಸುರಿದಳು. “ಒಳಗೇನಿದೆ ಅಂತ ನಂಗೂ ಗೊತ್ತಿಲ್ಲ ಅಜ್ಜಿ.”

ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ಯಂತ್ರಕ್ಕೆ ಕೇಳಿಸಿದ್ದು ಆ ನಗು ಮಾತ್ರ.

ಸಭೆಯ ದಿನ ಮಗಳು ಹೊಸ ಬಟ್ಟೆಯಲ್ಲಿ ಬಂದು ನಿಂತಳು. ಬಂದದ್ದು ಅಮ್ಮನ ಆರೋಗ್ಯ ವಿಚಾರಿಸಲಿಕ್ಕಂತೆ. “ಅಮ್ಮಾ, ಅವತ್ತು ಮೆಲ್ಲಕ್ಕ ಏನೋ ಹೇಳ್ತಿದ್ಲಲ್ಲ, ಪೆಟ್ಟಿಗೆ ಕತೆ…”

“ನಿನಗೆ ಹೇಗೆ ಗೊತ್ತು?” ಅಂದರು ಅಜ್ಜಿ.

ಮಗಳ ಮುಖ ಕೆಂಪೇರಿತು. ಕೆಳಗೆ ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಮಂಚ ತಗ್ಗು; ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಮೆಲ್ಲಕ್ಕನ ಹತ್ತಿರ ಅವಳು ಮಂಡಿಯೂರಿದಳು. “ಮೆಲ್ಲಕ್ಕ, ಕೊನೆ ಏನು? ಮುನ್ನೂರು ಜನ ಕಾಯ್ತಿದಾರೆ. ಏನು ಬೇಕಾದ್ರೂ ಕೇಳು.”

ಮೆಲ್ಲಕ್ಕ ಅಜ್ಜಿಯ ಕಾಲು ಒತ್ತುವುದನ್ನು ನಿಲ್ಲಿಸಲಿಲ್ಲ. “ಕೊನೇ ಮಾತು ಬೇಕಾ ಅಮ್ಮಾವ್ರೇ?”

“ಹೂಂ, ಬೇಗ ಹೇಳು.”

“ಒಂದು ಆಡು. ಏಳು.”

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಅಂದಳು: “ನಾಳೆಯಿಂದ ಕೆಲಸಕ್ಕೆ ಬರಬೇಡ.”

“ಅವಳು ಬರದಿದ್ರೆ ನನ್ನ ಮಗ್ಗುಲು ನೀನೇ ಬದಲಿಸ್ತೀಯಾ?” ಅಂದರು ಅಜ್ಜಿ. “ಬಟ್ಟೆ ಬದಲಿಸೋದೂ ಇದೆ.”

ಮಗಳು ನೆಲದಲ್ಲೇ ಇದ್ದಳು. ಮೆಲ್ಲಕ್ಕನೇ ಅವಳ ಮೊಣಕೈಗೆ ಕೈ ಕೊಟ್ಟಳು, ಅದೇ ಮೆಲ್ಲನೆಯ ಕೈ. “ಏಳಿ ಅಮ್ಮಾವ್ರೇ. ಕಾರು ಕಾಯ್ತಿದೆ.”

ಸಂಜೆ ಅಜ್ಜಿಯ ಫೋನಿನಲ್ಲಿ ಇಬ್ಬರೂ ಸಭೆಯನ್ನು ನೇರಪ್ರಸಾರದಲ್ಲಿ ಕೇಳಿದರು. ಮುಚ್ಚಳ ತೆರೆಯುವವರೆಗೆ ಮಗಳ ದನಿ ಹೊಳೆಯಂತೆ ಹರಿಯಿತು. ಆಮೇಲೆ ಪೆಟ್ಟಿಗೆಯೊಳಗೆ ಒಂದು ಕನ್ನಡಿ ಇತ್ತು ಅಂದಳು. “ಕನ್ನಡಿ ಉರುಳುತ್ತಾ?” ಎಂದು ಯಾರೋ ಹಿಂದಿನಿಂದ ಕೂಗಿದರು. “ವಾಸನೆ ಎಲ್ಲಿಂದ ಬಂತು?” ಇನ್ನೊಬ್ಬರು. ಮಗಳು ತೊದಲಿದಳು. ಕುರ್ಚಿಗಳು ಕಿರುಗುಟ್ಟಿದವು. ಅಷ್ಟರಲ್ಲಿ ಯಾವನೋ ಗಟ್ಟಿಯಾಗಿ, “ಒಂದು ಆಡು, ಏಳು! ಹೋಗೋಣ ಬಾ!” ಅಂದ. ಸಭೆಗೆ ಸಭೆಯೇ ಗೊಳ್ಳೆಂದಿತು. ಈ ಸಲ ನಗು ಬಿದ್ದದ್ದು ಬೇರೆಯವರ ಮೇಲೆ.

ಮೆಲ್ಲಕ್ಕನ ಹೊಟ್ಟೆ ತಣ್ಣಗಾಯಿತು. ಅಯ್ಯೋ ಎನಿಸೀತೇನೋ ಎಂದು ತನ್ನೊಳಗೆ ತಾನೇ ಕೊಂಚ ಕಾದು ನೋಡಿದಳು. ಅನಿಸಲಿಲ್ಲ.

“ಮೆಲ್ಲಕ್ಕಾ,” ಅಂದರು ಅಜ್ಜಿ, “ಅವತ್ತು ಆಸ್ಪತ್ರೇಲಿ ಅರ್ಧಕ್ಕೆ ನಿಂತಿತಲ್ಲ. ಆ ಹಾಡು ಹೇಳೇ.”

ಮೆಲ್ಲಕ್ಕ ಮೊದಲು ಸ್ಟೂಲಿನ ಮೇಲಿನ ಹಸಿರು ದೀಪ ಆರಿಸಿದಳು. ಇನ್ನೂ ತೊದಲುತ್ತಿದ್ದ ಫೋನನ್ನು ತೆಗೆದು ದಿಂಬಿನ ಅಡಿಗೆ ತುರುಕಿದಳು, ಅದರ ಮೇಲೆ ಅಜ್ಜಿಯ ತಲೆಯನ್ನು ಸರಿಯಾಗಿ ಇಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಹಕಾರವಿಲ್ಲದ ತನ್ನ ನಾಲಿಗೆಯಲ್ಲೇ, ಕೊನೆಯವರೆಗೂ ಹಾಡಿದಳು.