ಎಡಕ್ಕೆ ಹೊರಳುವ ದೋಣಿ

ನನ್ನ ತಂಗಿ ಎಂಜಿನಿಯರಿಂಗ್ ಕಾಲೇಜಿನ ಪ್ರದರ್ಶನಕ್ಕೆಂದು ಒಂದು ಆಟ ಮಾಡುತ್ತಿದ್ದಳು. ಪರದೆಯ ಮೇಲೆ ಕೆರೆ, ಕೆರೆಯಲ್ಲಿ ದೋಣಿ. ಬಟನ್ ಒತ್ತುವ ಆಟವಲ್ಲ. ನಿಜವಾದ ಹುಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಪರದೆಯ ದೋಣಿ ಆ ಕಡೆಗೆ ತಿರುಗಬೇಕು. ಆ ಹುಟ್ಟನ್ನು ಮಾಡಿಕೊಡುವ ಕೆಲಸ ನನ್ನದಾಯಿತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂಡಲಪಾಳ್ಯದಲ್ಲಿ ಗ್ರಿಲ್ ವೆಲ್ಡಿಂಗ್ ಅಂಗಡಿ ಇದೆ.

"ಅಣ್ಣ, ಒಳಗೆ ದಿಕ್ಕು ನೋಡೋ ಸೆನ್ಸರ್ ಇರುತ್ತೆ, ದಿಕ್ಸೂಚಿ ಥರ. ಹತ್ರ ಕಬ್ಬಿಣ ಬರಲೇಬಾರದು. ಸ್ಕ್ರೂನೂ ಹಿತ್ತಾಳೇದೇ ಹಾಕು," ಎಂದಳು.

"ವೆಲ್ಡಿಂಗ್ ಅಂಗಡಿಗೆ ಬಂದು ಕಬ್ಬಿಣ ಬೇಡ ಅಂತೀಯಲ್ಲೇ!" ಎಂದು ನಕ್ಕೆ.

ಪಿವಿಸಿ ಪೈಪು, ಮರದ ಅಲಗು, ಹಿತ್ತಾಳೆ ಸ್ಕ್ರೂ. ಎಲ್ಲ ಅವಳು ಹೇಳಿದಂತೆಯೇ ಮಾಡಿದೆ. ಆಮೇಲೆ, ಅಂಗಡಿಯ ಹೊಸ್ತಿಲಿಗೆ ಹೊಡೆದಿದ್ದ ಕುದುರೆ ಲಾಳದಿಂದ ಒಂದು ತುಂಡು ಕತ್ತರಿಸಿ, ಬಟ್ಟೆ ಸುತ್ತಿ, ಹಿಡಿಯೊಳಗೆ ತುರುಕಿ ಮುಚ್ಚಳ ಹಾಕಿದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಬೀದಿಯ ಕಣ್ಣೆಲ್ಲ ಅವಳ ಮೇಲಿತ್ತು. ತಿಳಿದರೆ ನಗುತ್ತಾಳೆಂದು ಹೇಳಲಿಲ್ಲ. ದೃಷ್ಟಿಗೆಂದು ಇಡುವ ಕಬ್ಬಿಣವನ್ನು ನಾನು ಕಬ್ಬಿಣವೆಂದು ಎಣಿಸಿರಲೇ ಇಲ್ಲ.

ಮಲ್ಲತ್ತಹಳ್ಳಿಯ ನಮ್ಮ ಮನೆಯಲ್ಲಿ, ಟಿವಿಗೆ ಜೋಡಿಸಿ ಆಟ ಶುರು ಮಾಡಿದಳು. ಹುಟ್ಟು ಗೋಡೆಗೆ ಒರಗಿ ನೆಟ್ಟಗೆ ನಿಂತಿತ್ತು. ಯಾರೂ ಮುಟ್ಟಿರಲಿಲ್ಲ. ದೋಣಿ ತಾನಾಗಿಯೇ ಹೊರಳಿ, ಎಡಗಡೆಯ ಜೊಂಡಿನೊಳಕ್ಕೆ ಮೆಲ್ಲಗೆ ಹೋಗಿ ಮರೆಯಾಯಿತು. ಅವಳು ಆಟವನ್ನು ಮೊದಲಿನಿಂದ ಶುರು ಮಾಡಿದಳು. ಮತ್ತೆ ಅಲ್ಲಿಗೇ.

ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ನೋಡಿದಳು. "ಯಾರೇ ಅದನ್ನ ಕರೀತಿರೋದು?"

"ಸೆನ್ಸರ್ ತಪ್ಪು ತೋರಿಸ್ತಿದೆ ಅಷ್ಟೇ, ಸುಮ್ನಿರಮ್ಮ," ಎಂದಳು ತಂಗಿ. ಅವಳ ದನಿ ಸಣ್ಣಗಾಗಿತ್ತು.

ಹಿಡಿಯೊಳಗಿನ ಲಾಳದ ತುಂಡೇ ಕಾರಣವೆಂದು ನನಗೆ ಆಗಲೇ ಗೊತ್ತಾಯಿತು. ಓದಿದವಳ ಕೆಲಸವನ್ನು ಓದದವನು ಕೆಡಿಸಿದ ಅನ್ನಿಸಿಕೊಳ್ಳಲು ನಾಚಿಕೆ. ಕಾವಲಿಗಿಟ್ಟದ್ದನ್ನು ತೆಗೆದರೆ ಅವಳಿಗೇನಾದರೂ ಆದೀತೆಂಬ ಭಯ ಬೇರೆ. ಬಾಯಿ ಬಿಡಲಿಲ್ಲ. ಅವಳು ಆಮೇಲೆ ಎಷ್ಟೋ ದಿನ ಆ ಆಟದ ಮುಂದೆ ಕೂತಳು. ನಾನು ಆ ಕೋಣೆಯ ಕಡೆ ತಲೆ ಹಾಕಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಮನಸ್ಸು ತಡೆಯಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಮುಚ್ಚಳ ಬಿಚ್ಚಿ, ತುಂಡನ್ನು ಜೇಬಿಗೆ ಹಾಕಿಕೊಂಡೆ. ಇನ್ನೆಲ್ಲ ಸರಿ ಅಂದುಕೊಂಡೆ.

ಕಾಲೇಜಿನಲ್ಲಿ ಪರೀಕ್ಷಿಸಲು ಬಂದ ಮೇಷ್ಟ್ರು ಹುಟ್ಟು ಹಿಡಿದರು. ದೋಣಿ ಬಲಕ್ಕೆ ಹೊರಳಿತು. ತಂಗಿ ತಾನೇ ಹಿಡಿದಳು. ಬಲಕ್ಕೇ. ಕೆಳಗಿಟ್ಟಳು. ಆಗಲೂ ಅದು ಖಾಲಿ ನೀರಿನ ಮೇಲೆ ಬಲಕ್ಕೆ ಸುತ್ತುತ್ತಲೇ ಇತ್ತು.

"ಎಡಕ್ಕೆ ಎಳೀತಿತ್ತು ಸಾರ್. ಅಷ್ಟನ್ನೂ ಪ್ರೋಗ್ರಾಮಿನಲ್ಲಿ ಬಲಕ್ಕೆ ಸರಿ ಮಾಡಿದ್ದೆ. ನಿನ್ನೆ ನೆಟ್ಟಗೆ ಹೋಗ್ತಿತ್ತು."

"ಎಲ್ರದ್ದೂ ನಿನ್ನೆ ಚೆನ್ನಾಗೇ ಇತ್ತಮ್ಮ," ಎಂದು ಅವರು ಮುಂದಿನ ಮೇಜಿಗೆ ಹೋದರು.

ಅವಳು ಕಬ್ಬಿಣದ ಎಳೆತಕ್ಕೆ ಲೆಕ್ಕ ಕಟ್ಟಿದ್ದಳು; ನಾನು ಕಬ್ಬಿಣವನ್ನೇ ತೆಗೆದಿದ್ದೆ. ಆಗ ಹೇಳಿದ್ದರೂ ತುಂಡನ್ನು ಮತ್ತೆ ಒಳಗಿಟ್ಟು, ಮೇಷ್ಟ್ರನ್ನು ಕರೆದು ತೋರಿಸಬಹುದಿತ್ತು. ಜೇಬಿನಲ್ಲಿ ಅದನ್ನು ಹಿಡಿದೇ ನಿಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಹುಟ್ಟನ್ನು ತನ್ನ ಕಾಲಿಗೆ ತಾಗದಂತೆ ದೂರ ಸರಿಸಿದಳು.

"ಅಣ್ಣ, ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಅಮ್ಮ ಹೇಳಿದ್ದೇ ನಿಜಾನಾ? ಅದರೊಳಗೆ ಏನಾದ್ರೂ ಇದೆಯಾ?"

ದೃಷ್ಟಿ ತೆಗೆಯಲು ಬಂದರೆ ಅಮ್ಮನನ್ನು ಗೇಲಿ ಮಾಡುತ್ತಿದ್ದ ಹುಡುಗಿ ಕೇಳಿದ ಮಾತು ಅದು.

"ಏನೂ ಇಲ್ಲ ಕಣೇ," ಎಂದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಹುಟ್ಟು ಈಗ ನಡುಮನೆಯ ಅಟ್ಟದ ಮೇಲಿದೆ. ತಂಗಿ ಅದರ ಕೆಳಗೆ ಹಾಸಿಗೆ ಹಾಸುವುದನ್ನು ಬಿಟ್ಟಿದ್ದಾಳೆ.